ಹಳೇ ಅಚ್ಚಿನ ಹೊಸ ಸಿಪಾಯಿ

ಕಾಶಪ್ಪ ಇಳಕಲ್ಲಿನ ಸೀರೆಗಳನ್ನು ಮುಂಬಯಿಗೆ ಒಯ್ದು ಮಾರುವ ಮನುಷ್ಯ. ನೇಕಾರರ ಮನೆಗಳಿಂದ ಸೀರೆ ಎತ್ತುವುದು, ಗಂಟು ಕಟ್ಟುವುದು, ಬಸ್ಸಿಗೆ, ರೈಲಿಗೆ ಏರಿಸುವುದು, ಮುಂಬಯಿಯ ದಲಾಲರ ಅಂಗಡಿಯಲ್ಲಿ ಅವರಿಗೆ ಪುರುಸೊತ್ತಾಗುವ ತನಕ ಕಾಯುವುದು. ಅದರಲ್ಲಿ ಕಾಯುವುದೇ ಹೆಚ್ಚು. ಐವತ್ತರ ಹತ್ತಿರ ಬಂದಾಗ ಅವನ ಮೊಣಕಾಲು ಹಿಡಿದುಕೊಳ್ಳಲು ಶುರುವಾಗಿತ್ತು. ದಲಾಲರ ಮಕ್ಕಳು ಪಾಲಿಸ್ಟರ್ ಸೀರೆಯ ಮಾತನ್ನೇ ಆಡುತ್ತಿದ್ದರು.

ಹೀಗೆ ಕಾಯುವ ಒಂದು ದಿನ, ೧೯೭೯ರ ದೀಪಾವಳಿಯ ಮುಂದೆ, ಅವನು ಚಹಾ ಕುಡಿಯಲು ಹೊರಗೆ ಹೋದವನು ಫುಟ್‌ಪಾತಿನ ಮಗ್ಗುಲಿನ ಒಂದು ಸಣ್ಣ ಅಂಗಡಿಯಲ್ಲಿ ತಗಡಿನ ಸಿಪಾಯಿಯೊಂದನ್ನು ನೋಡಿದ. ಗೇಣುದ್ದ. ತಲೆಗೆ ಕೋಡಿನ ಶಿರಸ್ತ್ರಾಣ, ಹಸಿರು ಎದೆ, ಕೈ ಎತ್ತಿದರೆ ಎತ್ತಿದಲ್ಲೇ ನಿಲ್ಲುತ್ತಿತ್ತು. ಬೆನ್ನಿನ ಕೀಲಿ ತಿರುಗಿಸಿದರೆ ಭಾರವಾಗಿ ಹೆಜ್ಜೆ ಹಾಕಿ ನಡೆಯುತ್ತಿತ್ತು. ಅಂಗಡಿಯ ಬೋಹ್ರಾ ಮುದುಕ ಅದು ಜಪಾನಿನ ಮಾಲು, ಮೊನ್ನೆ ಮೊನ್ನೆ ಹಡಗಿನಿಂದ ಇಳಿದದ್ದು ಎಂದ. ಕಾಶಪ್ಪನಿಗೆ ಮಕ್ಕಳಿರಲಿಲ್ಲ. ಯಾರಿಗೆ ಎಂದು ತನ್ನನ್ನು ತಾನು ಕೇಳಿಕೊಳ್ಳದೆ ಅದನ್ನು ಕೊಂಡ.

ಮುಂದಿನ ಸಲ ಹೋದಾಗ ಅದೇ ಸಿಪಾಯಿ ನೀಲಿ ಎದೆ ಹೊತ್ತು ನಿಂತಿತ್ತು. ಆಮೇಲೆ ಕೆಂಪು. ಇಳಕಲ್ ಸೀರೆಯ ಕೆಂಪು-ಬಿಳಿಯ ಟೋಪ್ ತೆನಿ ಸೆರಗು ನೋಡುವವರ ಕಣ್ಣಿಗೆ ಎಲ್ಲ ಸೀರೆಯಲ್ಲೂ ಒಂದೇ. ಆದರೆ ಅದು ಯಾರ ಮಗ್ಗದಿಂದ ಇಳಿದದ್ದೆಂದು ಕಾಶಪ್ಪ ಬೆರಳಾಡಿಸಿ ಹೇಳುತ್ತಿದ್ದ. ಈ ಸಿಪಾಯಿಗಳನ್ನೂ ಅವನು ಹಾಗೆಯೇ ನೋಡತೊಡಗಿದ. ಒಂದರ ಹುಬ್ಬು ತುಸು ದಪ್ಪ, ಇನ್ನೊಂದರ ಪಟ್ಟಿಗೆ ಬೆಳ್ಳಿಯ ಬಣ್ಣ. ಅವನ ಆಸ್ಥೆ ಕಂಡು ಮುದುಕನೇ ಒಂದು ದಿನ ಹೇಳಿದ: ಇವೆಲ್ಲ ಹಳೆಯ ಅಚ್ಚಿನಲ್ಲಿ ಎಪ್ಪತ್ತೊಂಬತ್ತರಿಂದ ಈಚೆಗೆ ಹೊಸದಾಗಿ ತೆಗೆದವು. ಮೊದಲನೆಯವು ಬಂದದ್ದು ಅರವತ್ತರ ದಶಕದಲ್ಲಿ. ಆಮೇಲೆ ಹತ್ತು ವರ್ಷ ತಯಾರಿಕೆಯೇ ನಿಂತಿತ್ತು. ಮೊದಲಿನವುಗಳ ಕೈ ಕೂಡ ತಗಡಿನವು. ಬೆನ್ನಿನ ತಗಡನ್ನು ಮಡಿಚಿ ಸೇರಿಸಿರುತ್ತಿದ್ದರು. ಈಗಿನವುಗಳ ಕೈ ಪ್ಲಾಸ್ಟಿಕ್ಕಿನವು, ಬೆನ್ನಿಗೆ ಎರಡು ಸ್ಕ್ರೂ. ಮೊದಲಿನದು ತನ್ನ ಕಣ್ಣಿಗೂ ಬೀಳದೆ ಎಷ್ಟೋ ವರ್ಷವಾಯಿತು ಎಂದ.

ಅಂದಿನಿಂದ ಕಾಶಪ್ಪ ಆ ಮೊದಲಿನ ಸಿಪಾಯಿಯನ್ನು ಹುಡುಕತೊಡಗಿದ. ಮುಂಬಯಿ, ಸೋಲಾಪುರ, ಹುಬ್ಬಳ್ಳಿ ಎಲ್ಲಿ ಹೋದರೂ ಕೇಳುತ್ತಿದ್ದ. ಹುಡುಕುವುದರಲ್ಲೂ ಕ್ರಮೇಣ ಒಂದು ದಣಿವು ಬಂತು. ಬಿಡಲಿಕ್ಕೆ ಆಗಲಿಲ್ಲ, ಅಷ್ಟೆ.

೧೯೮೫ರ ಬೇಸಿಗೆಯಲ್ಲಿ ಅವನ ಹೆಂಡತಿ ಗುರುಸಿದ್ದವ್ವನ ತವರುಮನೆಯಲ್ಲಿ, ಬಾದಾಮಿಯಲ್ಲಿ, ಅವಳ ತಮ್ಮನ ಬಸುರಿ ಮಗಳ ಕುಬಸದ ಕಾರ್ಯವಿತ್ತು. ಕಾಶಪ್ಪ ಮುಂಬಯಿಯಿಂದ ಬರುವವನು ರೈಲಿನಲ್ಲಿ ನೇರ ಅಲ್ಲಿಗೇ ಬಂದಿಳಿದ. ಪಡಸಾಲೆಯಲ್ಲಿ ಹೆಂಗಸರು ಬಳೆ ಇಡಿಸಿಕೊಳ್ಳುತ್ತಿದ್ದರು. ಬಳೆ ಇಡುತ್ತಿದ್ದವಳು ಲಾಡಬಿ. ಬಾದಾಮಿ, ಚೊಳಚಗುಡ್ಡ, ಮಹಾಕೂಟದ ಕಡೆಯ ಮನೆಗಳಿಗೆಲ್ಲ ಬಳೆಯ ಮಲಾರ ಹೊತ್ತು ಹೋಗುವವಳು. ನಲವತ್ತಕ್ಕೂ ಮುಟ್ಟಿರದ ಆಕೆ ಐವತ್ತರ ಹೆಂಗಸಿನ ಹಾಗೆ ಕಾಣುತ್ತಿದ್ದಳು. ಎಲ್ಲರ ಕೈಗೂ ಹಸಿರು ಗಾಜು ಏರಿಸುವ ಅವಳ ಕೈ ಮಾತ್ರ ಬೋಳಾಗಿತ್ತು.

ಗುರುಸಿದ್ದವ್ವ ಗಂಡನ ಚೀಲದಿಂದ ಒಗೆಯುವ ಬಟ್ಟೆ ತೆಗೆಯಹೋಗಿ ಸಿಪಾಯಿಯನ್ನು ತೆಗೆದಳು.

"ಮತ್ತೊಂದ ತಂದ್ರಿ?"

"ಇದು ಹಳದಿ ಎದಿದು."

"ಹಸರ ಆತು, ನೀಲಿ ಆತು, ಕೆಂಪ ಆತು. ಮಾರಿ ಅಂತೂ ಎಲ್ಲಾದಕ್ಕೂ ಒಂದ," ಎಂದು ಅವಳು ಅದನ್ನು ಗೋಡೆಯ ಬದಿಗೆ ನಿಲ್ಲಿಸಿದಳು.

ಲಾಡಬಿ ಕೈಯಲ್ಲಿದ್ದ ಬಳೆ ಹಿಡಿದುಕೊಂಡೇ ಅದನ್ನು ನೋಡಿದಳು. "ಇಂಥಾದ್ದು ನಮ್ಮ ಮನ್ಯಾಗೂ ಒಂದೈತ್ರಿ ಅಣ್ಣಾರ. ಅದರ ಎದಿ ಹಸರ. ನಮ್ಮ ಅಮೀನಾನ ಅಪ್ಪ ಜಪಾನದಾಗ ಕೊಂಡದ್ದು."

ಕಾಶಪ್ಪ ಹತ್ತಿರ ಬಂದು ಕೂತ. "ಯಾವಾಗ ಕೊಂಡದ್ದವ್ವಾ?"

ಅವಳು ಬಳೆ ಇಡುತ್ತಲೇ ಹೇಳಿದಳು. ಗಂಡ ಹಸನಸಾಬ ಮುಂಬಯಿಗೆ ಹೋಗಿ ಸಾಮಾನಿನ ಹಡಗಿನಲ್ಲಿ ಖಲಾಸಿಯಾಗಿದ್ದ. ಎಪ್ಪತ್ತೆರಡರಲ್ಲಿ ಕಡೆಯ ಸಲ ಊರಿಗೆ ಬಂದದ್ದು. ಎಪ್ಪತ್ನಾಲ್ಕರಲ್ಲಿ ಅವನ ಜೊತೆಯ ಖಲಾಸಿ, ಬಾಗಲಕೋಟೆಯ ಮೌಲಾಸಾಬ, ಮನೆಗೆ ಬಂದು ಹಸನಸಾಬ ಜ್ವರದಿಂದ ಸತ್ತನೆಂದು, ಯಾವುದೋ ಬಂದರಿನಲ್ಲಿ ಮಣ್ಣು ಮಾಡಿದೆವೆಂದು ಹೇಳಿದ. ಆರು ವರ್ಷದ ಮೇಲೆ ಅದೇ ಮೌಲಾಸಾಬ ಹಡಗಿನ ಕೆಲಸ ಬಿಟ್ಟು ಊರಿಗೆ ಬಂದಾಗ ಈ ಸಿಪಾಯಿಯನ್ನು ತಂದುಕೊಟ್ಟ. ಹಸನಸಾಬ ಸಾಯುವ ಮೊದಲು ಮಗಳಿಗೆಂದು ಕೊಂಡದ್ದು, ನನ್ನ ಟ್ರಂಕಿನಲ್ಲೇ ಉಳಿದಿತ್ತು ಎಂದ.

"ಈಗೆಲ್ಲೈತಿ?"

"ಅಮೀನಾ ಗಂಡನ ಮನಿಗೆ ಒಯ್ದಾಳ್ರಿ. ಹುನಗುಂದದಾಗ. ಆಕಿ ಅದನ್ನ ಯಾರಿಗೂ ಮುಟ್ಟಗೊಡೂದಿಲ್ಲ."

ಸತ್ತದ್ದು ಎಪ್ಪತ್ನಾಲ್ಕರಲ್ಲಿ ಎಂದರೆ ಕೊಂಡದ್ದು ಅದಕ್ಕೂ ಮೊದಲು. ಹಾಗಾದರೆ ಅದು ಮೊದಲಿನದೇ. ಕಾಶಪ್ಪನಿಗೆ ಅಂದು ಮಾಡಿದ ಹೋಳಿಗೆಯ ರುಚಿ ತಿಳಿಯಲಿಲ್ಲ.

ಹುನಗುಂದ ಇಳಕಲ್ಲಿನ ಮಗ್ಗುಲಿಗೇ ಇರುವ ಊರು. ಅದೇ ವಾರ ಹೋದ. ಅಮೀನಬಿಗೆ ಹದಿನೇಳರ ವಯಸ್ಸು, ಮದುವೆಯಾಗಿ ವರ್ಷವಾಗಿರಲಿಲ್ಲ. ಗಂಡ ಸೈಕಲ್ ಅಂಗಡಿಗೆ ಹೋಗಿದ್ದ. ಅತ್ತೆ ಒಳಗೆ ಜೋಳ ಹಸನು ಮಾಡುತ್ತಿದ್ದಳು. ಅವ್ವ ಕಳಿಸಿದವರು ಎಂಬುದಕ್ಕೆ ಅಮೀನಬಿ ಕಾಶಪ್ಪನನ್ನು ಕೂರಿಸಿ ನೀರು ಕೊಟ್ಟಳು. ಗೋಡೆಯ ಗೂಡಿನಂಥ ಮಾಡದಿಂದ ಸಿಪಾಯಿಯನ್ನು ಇಳಿಸಿ, ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಕಾಶಪ್ಪ ಅದನ್ನು ಬೋರಲು ಮಾಡಿದ. ಬೆನ್ನಿಗೆ ಎರಡು ಸ್ಕ್ರೂ ಇದ್ದವು. ಕೈ ಮುಟ್ಟಿದ. ಪ್ಲಾಸ್ಟಿಕ್ಕು.

"ಭಾಳ ಹಳೇದೇನ್ರಿ ಕಾಕಾ?"

"ಛಲೋ ಇಟ್ಟೀಯವ್ವಾ," ಎಂದು ಅವನು ಅದನ್ನು ಹಿಂದಕ್ಕೆ ಕೊಟ್ಟ. ತನ್ನ ಮನೆಯಲ್ಲಿರುವ ಮೊದಲ ಹಸಿರು ಸಿಪಾಯಿಗೂ ಇದಕ್ಕೂ ಕೂದಲೆಳೆಯಷ್ಟೂ ಫರಕಿರಲಿಲ್ಲ. ಇಷ್ಟು ದೂರ ಆಸೆ ಹೊತ್ತು ಬಂದದ್ದಕ್ಕೆ ತನ್ನ ಮೇಲೆಯೇ ಬೇಸರ ಬಂತು.

ಬಸ್ಸಿನಲ್ಲಿ ಕಿಟಕಿಯ ಬದಿಗೆ ಜಾಗ ಸಿಕ್ಕಿತು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಇಳಕಲ್ಲಿನ ಕಲ್ಲಿನ ಖಣಿಗಳು ಕಾಣಿಸಿಕೊಂಡಾಗ ಅವನಿಗೆ ಇನ್ನೊಂದು ಸಂಗತಿ ಹೊಳೆಯಿತು. ಎಪ್ಪತ್ನಾಲ್ಕರಲ್ಲಿ ಸತ್ತ ಮನುಷ್ಯ ಎಪ್ಪತ್ತೊಂಬತ್ತರಲ್ಲಿ ತಯಾರಾದ ಸಾಮಾನನ್ನು ಮಗಳಿಗೆ ಹೇಗೆ ಕೊಂಡ?

ಮನೆಗೆ ಬಂದು ತನ್ನ ಹಸಿರು ಸಿಪಾಯಿಯನ್ನು ಮತ್ತೆ ತಿರುಗಿಸಿ ನೋಡಿದ. ಗುರುಸಿದ್ದವ್ವನಿಗೆ ಎಲ್ಲ ಹೇಳಿದ. ಅವಳು ಸಿಪಾಯಿಯನ್ನು ಇಸಿದುಕೊಂಡು ಬೆನ್ನಿನ ಸ್ಕ್ರೂಗಳನ್ನು ಮುಟ್ಟಿ ನೋಡಿದಳು.

"ಮೌಲಾಸಾಬ ತಾನ ಕೊಂಡ ತಂದು ಹಂಗ ಹೇಳಿದ್ನೇನೋ," ಎಂದಳು ಕೊನೆಗೆ. "ತಂದಿ ಇಲ್ಲದ ಕೂಸಿಗೆ ಸಮಾಧಾನ ಆಗಲಿ ಅಂತ."

"ಆಗಿರಬಹುದು."

"ಹೋಗಿ ಕೇಳ್ರಿ. ಕೇಳದ ಕುಂತ್ರ ನಾಳೆ ಆಕಿ ಬಳಿ ಇಡಾಕ ಬಂದಾಗ ನಾ ಕೈ ಹೆಂಗ ಮುಂದ ಮಾಡ್ಲಿ?"

ಬಾಗಲಕೋಟೆಯ ಅಂಗಡಿಗಳಿಗೆ ಸೀರೆ ಕೊಡುವ ಕೆಲಸ ಹೇಗೂ ಇತ್ತು. ಮೌಲಾಸಾಬನ ಮನೆ ಹೊಳೆಯ ಕಡೆಯ ಓಣಿಯಲ್ಲಿ. ಅಣೆಕಟ್ಟಿನ ನೀರಿಗೆ ಮುಳುಗಡೆಯಾಗುವ ಮನೆಗಳೆಂದು ಗೋಡೆಗಳ ಮೇಲೆ ಸರ್ವೆಯವರು ನಂಬರು ಬರೆದು ಹೋಗಿದ್ದರು. ಯಾರೂ ಸುಣ್ಣ ಹೊಡೆಸುವ ಗೋಜಿಗೆ ಹೋಗಿರಲಿಲ್ಲ. ಮೌಲಾಸಾಬ ಬಾಗಿಲ ಬಳಿಯ ಹೊರಸಿನ ಮೇಲೆ ದಮ್ಮಿನ ಬೇನೆಗೆ ಏದುತ್ತ ಕೂತಿದ್ದ. ಕಾಶಪ್ಪ ತಾನು ಯಾರೆಂದು ಹೇಳಿ, ಸಿಪಾಯಿಯ ವಿಷಯ ತೆಗೆದ.

"ಅದನ್ನ ಹಸನ ಕೊಂಡಿದ್ದ್ರಿ, ಸಾವಕಾರ್ರ. ಸಾಯೂ ಮೊದಲ."

"ಎಪ್ಪತ್ತೊಂಬತ್ತಕ್ಕಿಂತ ಮೊದಲ ಆ ಸಿಪಾಯಿ ಹುಟ್ಟೇ ಇಲ್ಲ ಮೌಲಾಸಾಬ. ನನ್ನ ಮನ್ಯಾಗೂ ಅದ ಐತಿ. ಖರೆ ಹೇಳು. ನೀನ ಕೊಂಡ್ಯೇನು?"

ಮೌಲಾಸಾಬ ಹೌದೆಂದಿದ್ದರೆ ಅಷ್ಟೇ ಸಾಕಿತ್ತು. ಅವನು ಅದನ್ನು ಹೇಳಲು ಬಾಯಿ ತೆರೆದನೆಂದೂ ಕಾಶಪ್ಪನಿಗೆ ಅನ್ನಿಸಿತು. ಆದರೆ ಕೆಮ್ಮು ಬಂತು. ಕೆಮ್ಮಿ ಮುಗಿಯುವಷ್ಟರಲ್ಲಿ ಅವನ ಕಣ್ಣು ತುಂಬಿಕೊಂಡಿದ್ದವು.

"ಆಟಗಿ ಸಾಮಾನ ನೋಡಿ ಹಿಂಗ ಕೇಳೂ ಮನಷ್ಯಾ ಬರ್ತಾನಂತ ನಾ ಎಂದೂ ಅನ್ಕೊಂಡಿದ್ದಿಲ್ರಿ," ಎಂದ. "ಹಸನ ಸತ್ತಿದ್ದಿಲ್ಲ. ಪೆನಾಂಗದಾಗ ಹಡಗ ಬಿಟ್ಟ ಇಳದ. ಬ್ಯಾಸತ್ತಿದ್ದ. ಬಂದರಿನ ಮುಂದ ಒಂದು ಚಾದಂಗಡಿ ಇತ್ತು, ಅಂಗಡಿ ನಡಸಾಕಿ ಒಬ್ಬಾಕಿ ಗಂಡ ಇಲ್ಲದ ಹೆಣಮಗಳು. ಅಲ್ಲೇ ಉಳದ. ಊರಾಗ ನಾ ಸತ್ತೇನಿ ಅಂತ ಹೇಳು, ಲಾಡಬಿ ದಾರಿ ಕಾಯೂದರ ತಪ್ಪತೈತಿ ಅಂದ. ನಾ ಹೇಳಿದೆ."

"ಮತ್ತ ಸಿಪಾಯಿ?"

"ಎಪ್ಪತ್ತೊಂಬತ್ತರಾಗ ನಮ್ಮ ಹಡಗ ಮತ್ತ ಅಲ್ಲಿ ಹತ್ತಿತು. ಭೆಟ್ಟಿ ಆದ. ಅಂಗಡ್ಯಾಗಿಂದ ಅದನ್ನ ಕೊಂಡು ತಂದ, ಮಗಳಿಗೆ ಕೊಡು ಅಂದ. ಆಕಿ ಈಗ ದೊಡ್ಡಾಕಿ ಆಗಿರ್ತಾಳಲೇ, ಇದನ್ನೇನ್ ಮಾಡ್ತಾಳ ಅಂದೆ. ಇಲ್ಲ, ಆಕಿ ಇನ್ನಾ ಸಣ್ಣಾಕಿ ಅಂದ."

"ಈಗ ಇದ್ದಾನೇನು?"

"ಗೊತ್ತಿಲ್ರಿ. ಮರುವರ್ಷ ನಾ ಹಡಗ ಬಿಟ್ಟ ಬಂದೆ. ಲಾಡಬಿ ಮುಂದ ಕುಂತು ಎರಡ ಸಲ ಸುಳ್ಳ ಅತ್ತೇನಿ. ಮೂರನೇ ಸಲ ಹೋಗಾಕ ನನ್ನ ಕೈಲೆ ಆಗೂದಿಲ್ಲ. ನೀವ ಹೇಳ್ರಿ."

ಕಾಶಪ್ಪ ಹೊರಗೆ ಬಂದಾಗ ಇನ್ನೂ ಮಧ್ಯಾಹ್ನ. ಸೀರೆಯ ಗಂಟು ಎಂದಿಗಿಂತ ಭಾರ ಎನಿಸಿತು. ಹೇಳದೆ ಇರಬಹುದಿತ್ತು. ಹೇಳುವುದರಿಂದ ಸತ್ತವನು ಎದ್ದು ಬರುವುದಿಲ್ಲ, ಇದ್ದವನೂ ಬರುವುದಿಲ್ಲ. ಆದರೆ ಒಬ್ಬ ಹೆಂಗಸಿನ ಬದುಕಿನ ಸಂಗತಿ ಅವಳಿಗೊಬ್ಬಳಿಗೆ ಗೊತ್ತಿಲ್ಲದೆ ಮೂರು ಜನಕ್ಕೆ ಗೊತ್ತಿರುವುದು ಅವನಿಗೆ ಸರಿ ಕಾಣಲಿಲ್ಲ.

ಶುಕ್ರವಾರ ಲಾಡಬಿ ಬನಶಂಕರಿಯ ಹೊಂಡದ ಬಳಿ ಬಳೆ ಹರಡಿಕೊಂಡು ಕೂರುತ್ತಿದ್ದಳು. ಕಾಶಪ್ಪ ಹೋದಾಗ ದರ್ಶನಕ್ಕೆ ಬಂದವರು ಚದುರಿದ್ದರು. ಅವನು ಅವಳ ಮಗ್ಗುಲಿನ ಕಲ್ಲಿನ ಮೇಲೆ ಕೂತು, ಸುತ್ತಿ ಬಳಸದೆ, ಮೌಲಾಸಾಬ ಹೇಳಿದ್ದನ್ನೆಲ್ಲ ಹೇಳಿದ. ಅವಳು ಒಡೆದ ಬಳೆಗಳನ್ನು ಬೇರೆ ಮಾಡುತ್ತಿದ್ದಳು.

"ಪೆನಾಂಗ ಅಂದ್ರ ಎಲ್ಲಿರಿ?" ಎಂದು ಕೇಳಿದಳು ಆಮೇಲೆ.

"ಮದ್ರಾಸದ ಆಚೆ, ಸಮುದ್ರ ದಾಟಿ. ಭಾಳ ದೂರವ್ವಾ."

"ನಾ ಅವನ ಸಾವಿಗೆ ನಾಕ ತಿಂಗಳ ಹೊರಗ ಬರದ ಇದ್ದತ್ ಕುಂತೆ. ಬಳಿ ಒಡದೆ. ಇಪ್ಪತ್ತೇಳು ವಯಸ್ಸು ನನಗ. ಮರುವರ್ಷ ಕೆರೂರಿಂದ ಒಬ್ಬಾಂವ ಕೇಳಾಕ ಬಂದ, ಛಲೋ ಮನಷ್ಯಾ. ನಾನ ಒಲ್ಲೆ ಅಂದೆ. ಸತ್ತಾಂವ ಮ್ಯಾಲಿಂದ ನೋಡ್ತಿರ್ತಾನ ಅನಸ್ತಿತ್ತು." ಅವಳು ಬಳೆಯ ಚೂರುಗಳನ್ನು ಒಂದು ಕಡೆ ಗುಡಿಸಿದಳು. "ಅವ ಅಲ್ಲಿ ಚಾ ಕುಡಕೋತ ಕುಂತಿದ್ದ."

ಕಾಶಪ್ಪ ಅವಳ ಕಡೆ ತಿರುಗಿ ಕೂತ.

"ಸಿಟ್ಟರ ಮಾಡ್ಕೋ ತಂಗಿ," ಎಂದ. "ಮೌಲಾಸಾಬನ ಮ್ಯಾಲ, ಬೇಕಾದ್ರ ನನ್ನ ಮ್ಯಾಲ."

"ಹತ್ತು ವರ್ಷದ ಸಿಟ್ಟು ಒಮ್ಮೆಲೆ ಎಲ್ಲಿಂದ ತರ್ಲ್ರಿ ಅಣ್ಣಾರ? ಅದಕ್ಕೂ ಶಕ್ತಿ ಬೇಕಲ್ರಿ."

ಅಷ್ಟರಲ್ಲಿ ಗುಳೇದಗುಡ್ಡದ ಕಡೆಯ ಇಬ್ಬರು ಹೆಂಗಸರು ಬಂದು ಕೂತು ಕೈ ಚಾಚಿದರು. ಲಾಡಬಿ ಅವರ ಅಂಗೈ ಒತ್ತಿ ಅಳತೆ ನೋಡಿ, ಚಿಕ್ಕಿ ಬಳೆ ಬೇಕೋ ಸಾದಾ ಸಾಕೋ ಎಂದು ಕೇಳಿ, ನಿಧಾನಕ್ಕೆ ಏರಿಸಿದಳು. ಒಂದೂ ಒಡೆಯಲಿಲ್ಲ. ಅವರು ಹೋದ ಮೇಲೆ ಕಾಶಪ್ಪನ ಕಡೆ ನೋಡದೆ, "ಅಮೀನಾಗ ನಾನ ಹೇಳ್ತೇನಿ. ನೀವು ಹೋಗ್ರಿ, ಬಸ್ ತಪ್ಪತೈತಿ," ಎಂದಳು.

ತಿಂಗಳು ಕಳೆದ ಮೇಲೆ ಅಮೀನಬಿ ಒಂದು ಬುಧವಾರ ಇಳಕಲ್ಲಿಗೆ ಬಂದಳು. ಗಂಡ ಅವಳನ್ನು ಕಾಶಪ್ಪನ ಮನೆಯ ಬಾಗಿಲಿಗೆ ಬಿಟ್ಟು ಪೇಟೆಗೆ ಹೋದ. ಅವಳ ಕಂಕುಳಲ್ಲಿ ಬಟ್ಟೆ ಸುತ್ತಿದ ಸಿಪಾಯಿ ಇತ್ತು. ಕೂರು ಎಂದರೂ ಕೂರಲಿಲ್ಲ.

"ತಗೋರಿ ಕಾಕಾ. ಇದನ್ನ ನೋಡಿದ್ರ ಮೈ ಉರೀತೈತಿ. ಒಲಿಗೆ ಹಾಕಾಕ ಹೋಗಿದ್ದೆ, ನಮ್ಮತ್ತಿ ಕೈ ಹಿಡಿದ್ಳು. ನೀವು ಸುಮ್ನ ಇದ್ದಿದ್ರ ನನಗ ಒಬ್ಬ ಅಪ್ಪ ಇರ್ತಿದ್ದ."

ಗುರುಸಿದ್ದವ್ವ ಅಡುಗೆಮನೆಯಿಂದ ಬಂದು ಅವಳ ಭುಜ ಹಿಡಿದು ಕೂರಿಸಿದಳು. ಅಮೀನಬಿ ಅತ್ತಳು, ಅವಳ ತಾಯಿ ಅಳದೇ ಉಳಿಸಿದ್ದನ್ನೂ ಸೇರಿಸಿ ಅತ್ತಂತಿತ್ತು. ಕಾಶಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಒಳಗೆ ಬಂದಾಗ ಅವಳು ಚಹಾ ಕುಡಿದಿದ್ದಳು. ಗೋಡೆಯ ಉದ್ದಕ್ಕೆ ನಿಂತಿದ್ದ ಬಣ್ಣಬಣ್ಣದ ಸಿಪಾಯಿಗಳನ್ನು ನೋಡುತ್ತಿದ್ದಳು.

"ಇವೆಲ್ಲಾ ಆ ವರ್ಷದವನರಿ?"

"ಅಲ್ಲಿಂದ ಮುಂದಿನವು. ಹಸರ ಎದಿದು ಮೊದಲ ಬಂದದ್ದು, ನಿನ್ನದರಂಥಾದ್ದು."

"ಆ ವರ್ಷ ನಾ ಹನ್ನೊಂದರಾಕಿ. ರೊಟ್ಟಿ ಬಡೀತಿದ್ದೆ, ಅವ್ವನ ಮಲಾರ ಹೊರ್ತಿದ್ದೆ," ಎಂದಳು ಅಮೀನಬಿ. "ಅಪ್ಪ ಮೌಲಾಚಾಚಾಗ ಅಂದ್ನಂತಲ್ರಿ, ಆಕಿ ಇನ್ನಾ ಸಣ್ಣಾಕಿ ಅಂತ. ಅವಂಗ ನಾ ನಾಕು ವರ್ಷದಾಕಿನ ಉಳದಿದ್ದೆ."

ಅವಳು ಸಿಪಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೈಯನ್ನು ಮೇಲೆ ಕೆಳಗೆ ಮಾಡುತ್ತ ಕೂತಳು. ಮೊದಲು ಸತ್ತವನ ಟ್ರಂಕಿನಲ್ಲಿ ಉಳಿದ ಸಾಮಾನು ತನಗೆ ಬಂದಿತ್ತು. ಈಗ ಬದುಕಿದ್ದವನು ಅಂಗಡಿಗೆ ನಡೆದು ಹೋಗಿ ತನಗೆಂದೇ ಆರಿಸಿ ಕಳಿಸಿದ್ದು. ಯಾವುದು ಹೆಚ್ಚು ನೋವೋ ಅವಳಿಗೆ ತಿಳಿಯುತ್ತಿರಲಿಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು. ಗಂಡ ಬಂದು ಕರೆದಾಗ ಎದ್ದಳು. ಸಿಪಾಯಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು.

"ಇರಲಿ ಬಿಡ್ರಿ ಕಾಕಾ. ಮಾಡದಾಗ ಇಡೂದಿಲ್ಲ. ಟ್ರಂಕಿನ್ಯಾಗ ಇಡ್ತೇನಿ."

ದೀಪಾವಳಿ ಕಳೆದ ಮೇಲೆ ಲಾಡಬಿ ತಾನಾಗಿಯೇ ಇಳಕಲ್ಲಿಗೆ ಬಂದಳು. ಗುರುಸಿದ್ದವ್ವನಿಗೆ ಬಳೆ ಇಟ್ಟು ಮುಗಿಸಿ, ಕಾಶಪ್ಪನನ್ನು ಕರೆದು ಹೇಳಿದಳು:

"ಅಣ್ಣಾರ, ನೀವು ಮುಂಬೈಕ ಹೋಗ್ತಿರ್ತೀರಿ. ಪೆನಾಂಗಕ್ಕ ಹೋಗೂ ಹಡಗಿನ ಮಂದಿ ಅಲ್ಲಿ ಸಿಗ್ತಾರಂತ. ಅವಂಗ ಒಂದು ಮಾತ ಮುಟ್ಟಸ್ರಿ."

"ಬಾ ಅಂತೇನು?"

"ಬರೂದು ಬ್ಯಾಡ. ತಲಾಖ್ ಅಂತ ಒಂದು ಮಾತು ಹೇಳಿ ಕಳಸಲಿ. ಗಂಡ ಸತ್ತಾಕಿ ಅಂತ ಇದ್ದೆ, ಅದು ಸುಳ್ಳಾತು. ಗಂಡುಳ್ಳಾಕಿ ಅನ್ನೂದೂ ಸುಳ್ಳು. ನಾ ಏನ ಅದೇನಿ ಅನ್ನೂದು ನನಗ ಗೊತ್ತಾಗಬೇಕ್ರಿ."

ಕಾಶಪ್ಪ ಹುಡುಕಿದ. ದಲಾಲರ ಅಂಗಡಿಯಲ್ಲಿ ಕಾಯುವ ಹೊತ್ತನ್ನು ಈಗ ಬಂದರಿನ ಹೊರಗಿನ ಹೋಟೆಲುಗಳಲ್ಲಿ ಕಳೆಯತೊಡಗಿದ. ಬೋಹ್ರಾ ಮುದುಕನ ಅಂಗಡಿಯ ಕಡೆಗೆ ಹೋಗುವುದು ತಾನಾಗಿಯೇ ನಿಂತಿತು. ಖಲಾಸಿಗಳಿಗೆ ಚಹಾ ಕುಡಿಸಿ, ತನ್ನ ಅರೆಬರೆ ಹಿಂದಿಯಲ್ಲಿ ಹೆಸರು, ಊರು, ಚಹಾದ ಅಂಗಡಿಯ ಗುರುತು ಹೇಳುತ್ತಿದ್ದ. ಕೆಲವರು ನಗುತ್ತಿದ್ದರು. ಕೆಲವರು ಆಗಲಿ ಎಂದು ಹೋದವರು ಮತ್ತೆ ಸಿಗಲಿಲ್ಲ. ಒಂದು ವರ್ಷ ಹೀಗೆ ಕಳೆಯಿತು. ಇನ್ನೊಂದೂ ಅರ್ಧ ಕಳೆಯಿತು. ಕೊನೆಗೆ ರತ್ನಾಗಿರಿಯ ಕಡೆಯ ಒಬ್ಬ ಖಲಾಸಿ ಹೋಗಿ ನೋಡಿ ಬಂದು ಸಿಕ್ಕ. ಆ ಸಾಲಿನ ಅಂಗಡಿಗಳನ್ನೆಲ್ಲ ಕೆಡವಿ ಗೋದಾಮು ಕಟ್ಟಿದ್ದಾರೆ, ಅಂಗಡಿಯಾಕೆ ಎಲ್ಲಿಗೆ ಹೋದಳೋ, ಅವಳ ಜೊತೆಗಿದ್ದವನು ಎಲ್ಲಿಗೆ ಹೋದನೋ ಹೇಳುವವರಿಲ್ಲ ಎಂದ.

ಈ ಸುದ್ದಿ ಹೊತ್ತು ಕಾಶಪ್ಪ ಬಾದಾಮಿಯಲ್ಲಿ ಇಳಿದಾಗ ಲಾಡಬಿ ಮನೆಯ ಮುಂದೆ ಮಲಾರ ಕಟ್ಟುತ್ತಿದ್ದಳು. ನಿಂತುಕೊಂಡೇ ಕೇಳಿದಳು.

"ಮತ್ತ ಹುಡುಕ್ತೇನವ್ವಾ," ಎಂದ ಅವನು. "ಬ್ಯಾರೆ ಹಡಗಿನವ್ರನ್ನ ಕೇಳ್ತೇನಿ."

"ಬ್ಯಾಡ್ರಿ. ನಿಮಗೂ ವಯಸ್ಸಾತು." ಅವಳು ಗಂಟಿನ ಎಳೆಯನ್ನು ಹಲ್ಲಿನಿಂದ ಬಿಗಿದು ಕಡಿದಳು. "ಖಾಜಿಸಾಹೇಬ್ರನ್ನ ಕೇಳೇನಿ. ಇಷ್ಟು ವರ್ಷ ಗಂಡನ ಸುದ್ದಿ ಇಲ್ಲಂದ್ರ ನಾ ಬಿಡಿಸ್ಕೋಬಹುದಂತ. ಸಾಕ್ಷಿ ಬೇಕಂತ. ಮೌಲಾಸಾಬ ಬರ್ತೇನಿ ಅಂದಾನ, ದಮ್ಮು ಕಡಿಮಿ ಆದ ದಿನಾ. ನೀವೂ ಬರ್ರಿ."

"ಬರ್ತೇನಿ."

"ಹಂಗಾರ ಆತ್ರಿ. ಒಳಗ ನೀರೈತಿ, ಕುಡದು ಹೋಗ್ರಿ. ನಾ ಹೊಂಡತೇನಿ. ಮಹಾಕೂಟದಾಗ ಒಂದು ಕುಬಸ ಐತಿ, ಹಾದಿ ನೋಡ್ತಿರ್ತಾರ."

ಅವಳು ಮಲಾರ ಎತ್ತಿ ಹೆಗಲಿಗೆ ಹಾಕಿಕೊಂಡು ಬಿಸಿಲಿಗೆ ಇಳಿದಳು. ಕಾಶಪ್ಪ ಒಳಗೆ ಹೋಗಿ ಕೊಡದಿಂದ ನೀರು ತುಂಬಿಕೊಂಡು ಕುಡಿದ. ಮೊಣಕಾಲು ನೋಯುತ್ತಿತ್ತು. ಹೊಸ್ತಿಲ ಬಳಿ ಸ್ವಲ್ಪ ಹೊತ್ತು ಕೂತು, ಬಾಗಿಲು ಮುಂದೆ ಮಾಡಿ, ಬಸ್‌ಸ್ಟ್ಯಾಂಡಿನ ಕಡೆ ನಡೆದ.